‘ಬೀಳು’ ಎಂದವರು ಯಾರು?

(ಕಾಲೇಜು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಪಠ್ಯ)



ಸಮಾಜಕ್ಕೂ ಪರಿಸರಕ್ಕೂ ಇರುವ ಸಂಬಂಧವೆಂದರೆ ಪುಸ್ತಕದ ಚರ್ಚೆ ಎಂದು ಅನ್ನಿಸುವುದುಂಟು. ಆದರೆ ಆ ಸಂಬಂಧವನ್ನು ಯಾರು ಹೇಗೆ ಅರ್ಥ ಮಾಡಿಕೊಂಡರು ಎಂಬುದರ ಮೇಲೆ ಎಷ್ಟೋ ಊರುಗಳ ಬದುಕು ನಿಂತಿದೆ. ನಮ್ಮ ನಾಡಿನ ಎರಡು ಪ್ರಸಂಗಗಳನ್ನು ನೋಡೋಣ.

ನೆಲವೆಂದರೆ ಕಚ್ಚಾ ಸಾಮಗ್ರಿ ಎಂಬುದು ಒಂದು ದೃಷ್ಟಿ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ‘ಕರ್ನಾಟಕ ಪಲ್ಪ್‌ವುಡ್ಸ್’ ಎಂಬ ಜಂಟಿ ಕಂಪೆನಿ ಹುಟ್ಟುಹಾಕಿದವು. ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ನೆಲದಲ್ಲಿ ಕಾರ್ಖಾನೆಗಾಗಿ ನೀಲಗಿರಿಯಂಥ ಮರ ಬೆಳೆಸುವುದು ಯೋಜನೆ. ಕಡತದ ಲೆಕ್ಕದಲ್ಲಿ ಅದು ಬೀಳು ಭೂಮಿ. ಹಳ್ಳಿಯವರಿಗೆ ದನ ಮೇಯುವ, ಸೌದೆ ತರುವ ಗುಡ್ಡ. ನೀಲಗಿರಿ ಎಲೆಯನ್ನು ದನ ಮೂಸುವುದೂ ಇಲ್ಲ. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಹೂಡಿದರು. ನೀಲಗಿರಿ ಸಸಿ ಕಿತ್ತು, ತಮಗೆ ಉಪಯೋಗವಾಗುವ ಗಿಡ ನೆಟ್ಟರು. 1991ರಲ್ಲಿ ಆ ಕಂಪೆನಿಯೇ ಮುಚ್ಚಿತು.

ಎರಡನೆಯದು, ಜನರನ್ನು ಹೊರಗಿಟ್ಟರೆ ಕಾಡು ಉಳಿಯುತ್ತದೆ ಎಂಬ ದೃಷ್ಟಿ. ಇದನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಬೇಟೆ, ಮರಗಳ್ಳತನ ಕಣ್ಣೆದುರಿನ ಸತ್ಯ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದ ಮೇಲೆ ಸೋಲಿಗರ ಬೇಟೆ, ಕುಮರಿ ಬೇಸಾಯ ನಿಂತವು. ತರಗೆಲೆಗೆ ಹಗುರವಾಗಿ ಬೆಂಕಿ ಕೊಡುವ ಅವರ ಹಳೆಯ ಪದ್ಧತಿಗೂ ತಡೆ ಬಿತ್ತು. ಆ ಬೆಂಕಿ ಇಲ್ಲದ್ದರಿಂದಲೇ ಲಂಟಾನ ಕಾಡನ್ನು ಮುತ್ತಿತು ಎಂಬುದು ಸೋಲಿಗರ ವಾದ. ಜನವೂ ಕಾಡಿನ ಒಂದು ಭಾಗ ಎಂಬ ಮೂರನೆಯ ದೃಷ್ಟಿ ಇಲ್ಲಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ, ಅವರ ಸಮುದಾಯ ಹಕ್ಕಿಗೆ ಮಾನ್ಯತೆ ಸಿಕ್ಕಿತು.

ಹಾಗೆಂದು ಹಳ್ಳಿಯವರೆಲ್ಲ ಪರಿಸರದ ಕಾವಲುಗಾರರು ಎಂದಲ್ಲ. ಗೋಮಾಳ ಒತ್ತುವರಿ ಮಾಡಿದವರಲ್ಲಿ ಊರಿನವರೂ ಇದ್ದಾರೆ. ಯಾವ ದೃಷ್ಟಿಯೂ ಪೂರ್ಣವಲ್ಲ. ಆದರೆ ಕಡತ ಬರೆಯುವವರ ದೃಷ್ಟಿಗೆ ಕಾನೂನಿನ ಬಲವಿದೆ, ದನ ಮೇಯಿಸುವವರ ದೃಷ್ಟಿಗೆ ಅದು ಸಿಗಬೇಕಾದರೆ ದಶಕಗಳೇ ಬೇಕು. ಅನ್ಯಾಯ ಹುಟ್ಟುವುದು ಈ ಅಂತರದಲ್ಲಿ.

ನಾಳೆ ನೀವು ಅಧಿಕಾರಿಗಳಾಗಬಹುದು, ವರದಿಗಾರರಾಗಬಹುದು. ಯಾವುದಾದರೂ ಕಾಗದದಲ್ಲಿ ‘ಬೀಳು ಭೂಮಿ’ ಎಂದು ಕಂಡರೆ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಯಾರ ದನ ಅಲ್ಲಿ ಮೇಯುತ್ತಿವೆ ಎಂದು ಕೇಳಿ. ಆಮೇಲೆ ಸಹಿ ಹಾಕಿ.