ಹಾರ್ಟ್-ಲಂಗ್ ಯಂತ್ರದಲ್ಲಿ ನಮ್ಮ ರಕ್ತಕ್ಕೆ ಏನಾಗುತ್ತದೆ?

(ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸ)



ಹೃದಯದ ಆಪರೇಷನ್ ಆದ ಮರುದಿನ ಐ.ಸಿ.ಯು.ಗೆ ಹೋದ ಮನೆಯವರು ಅಳುತ್ತಾ ಹೊರಬರುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. "ಮುಖ ಊದಿದೆ, ನಮ್ಮ ಗುರುತೇ ಸಿಗೋದಿಲ್ಲ, ಏನೇನೋ ಮಾತಾಡ್ತಾರೆ. ಆಪರೇಷನ್ ಕೆಟ್ಟು ಹೋಯ್ತಾ?" ಎಂದು ಕೇಳುತ್ತಾರೆ. ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಇದರಲ್ಲಿ ದೊಡ್ಡ ಪಾಲು ಹಾರ್ಟ್-ಲಂಗ್ ಯಂತ್ರದ್ದು.

ಕವಾಟ ಬದಲಿಸಲು ಹೃದಯವನ್ನು ನಿಲ್ಲಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ರಕ್ತವನ್ನು ಹೊರತಂದು, ಆಮ್ಲಜನಕ ಸೇರಿಸಿ, ಮತ್ತೆ ದೇಹಕ್ಕೆ ಪಂಪ್ ಮಾಡುವುದೇ ಈ ಯಂತ್ರದ ಕೆಲಸ. 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಅವರು 18 ವರ್ಷದ ಯುವತಿಯ ಹೃದಯದ ತೂತನ್ನು ಹೀಗೆ ಮುಚ್ಚಿದರು. ಅಂದು ಯಂತ್ರ 26 ನಿಮಿಷ ಪೂರ್ತಿ ಹೊಣೆ ಹೊತ್ತಿತ್ತು. ಈಗ ಗಂಟೆಗಟ್ಟಲೆ ನಡೆಸುತ್ತಾರೆ.

ಆದರೆ ಪ್ಲಾಸ್ಟಿಕ್ ತಾಗಿದರೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಅದಕ್ಕೇ ಮೊದಲು ಹೆಪರಿನ್ ಕೊಡುತ್ತಾರೆ, ಕೊನೆಗೆ ಪ್ರೋಟಮಿನ್ ಕೊಟ್ಟು ಅದರ ಪ್ರಭಾವ ಇಳಿಸುತ್ತಾರೆ. ಪಂಪಿನ ತಿಕ್ಕಾಟದಿಂದ, ಎದೆಯೊಳಗೆ ಚೆಲ್ಲಿದ ರಕ್ತವನ್ನು ಗಾಳಿಯೊಡನೆ ಹೀರುವುದರಿಂದ ಕೆಂಪು ಕಣಗಳು ಒಡೆಯುತ್ತವೆ. ಒಳಗಿನ ಹಿಮೋಗ್ಲೋಬಿನ್ ಹೊರಬಿದ್ದು ಹೆಚ್ಚಾದರೆ ಮೂತ್ರ ಕೆಂಪಾಗುತ್ತದೆ, ಕಿಡ್ನಿಗೂ ಪೆಟ್ಟು. ಪ್ಲೇಟ್‌ಲೆಟ್‌ಗಳು ಕೊಳವೆಗೆ ಅಂಟಿ ಕಡಿಮೆಯಾಗುತ್ತವೆ, ಉಳಿದವೂ ಸೋತಿರುತ್ತವೆ. ರಕ್ತದಾನಿಗಳನ್ನು ಮೊದಲೇ ಹುಡುಕಿಡಿ ಅಂತ ಹೇಳುವುದು ಇದೇ ಕಾರಣಕ್ಕೆ.

ಯಂತ್ರಕ್ಕೆ ಮೊದಲೇ ಒಂದು ಲೀಟರಿನಷ್ಟು ದ್ರವ ತುಂಬಿಸಿರುತ್ತಾರೆ. ಸಾರಿಗೆ ನೀರು ಹೊಯ್ದ ಹಾಗೆ ರಕ್ತ ತೆಳ್ಳಗಾಗುತ್ತದೆ. ನಮ್ಮ ಹೆಂಗಸರಲ್ಲಿ ಎಷ್ಟೋ ಮಂದಿಗೆ ಮೊದಲೇ ರಕ್ತ ಕಡಿಮೆ. ಅಂಥವರಿಗೆ ಕಷ್ಟ ಹೆಚ್ಚು. ತುರ್ತಿಲ್ಲದಿದ್ದರೆ ಆಪರೇಷನ್‌ಗೆ ಮುಂಚೆಯೇ ರಕ್ತಹೀನತೆಗೆ ಚಿಕಿತ್ಸೆ ಮಾಡಿಸಿಕೊಳ್ಳುವ ಬಗ್ಗೆ ಡಾಕ್ಟರರನ್ನು ಕೇಳಬೇಕು. "ಡಾಕ್ಟ್ರೇ ಹೇಳ್ತಾರಲ್ಲ" ಎಂದು ಸುಮ್ಮನಿರುವುದು ನಮ್ಮ ಅಭ್ಯಾಸ.

ಇನ್ನು ಬಿಳಿ ಕಣಗಳು. ಹೊರಗಿನದ್ದೇನೋ ಒಳಬಂತೆಂದು ಅವು ಕೆರಳುತ್ತವೆ. ಮೈಯೆಲ್ಲಾ ಉರಿಯೂತ ಹಬ್ಬಿ, ಸಣ್ಣ ರಕ್ತನಾಳಗಳಿಂದ ನೀರು ಸೋರುತ್ತದೆ. ಮುಖ, ಕೈಕಾಲು ಊದುವುದು ಹೀಗೆ. ಶ್ವಾಸಕೋಶದಲ್ಲೂ ನೀರು ಸೇರಿದರೆ ವೆಂಟಿಲೇಟರ್ ತೆಗೆಯಲು ತಡವಾಗುತ್ತದೆ. ಕಿಡ್ನಿಗಾಗಿ ಗಂಟೆಗಂಟೆಗೂ ಮೂತ್ರ ಅಳೆಯುತ್ತಾರೆ. ಸಕ್ಕರೆ ಕಾಯಿಲೆ ಅಥವಾ ಹಳೆಯ ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ ಜಾಸ್ತಿ, ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ.

ಒಂದು ಗೊಂದಲವಿದೆ. ರಕ್ತನಾಳ ಜೋಡಿಸುವ ಬೈಪಾಸ್ ಆಪರೇಷನ್ ಬೇರೆ, ಈ ಯಂತ್ರದ ಬೈಪಾಸ್ ಬೇರೆ. ಮೊದಲನೆಯದನ್ನು ಹೃದಯ ಬಡಿಯುತ್ತಿರುವಾಗಲೇ ಯಂತ್ರವಿಲ್ಲದೆ ಮಾಡುವುದೂ ಉಂಟು. ಹಾಗೆಂದು ಅದರಲ್ಲಿ ತೊಂದರೆಯೇ ಇಲ್ಲವೆಂದಲ್ಲ. ಯಾವುದು ಸೂಕ್ತವೆಂದು ಸರ್ಜನ್ ನಿರ್ಧರಿಸಲಿ.

ಗುರುತು ತಪ್ಪುವುದು, ಬಡಬಡಿಸುವುದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೂ ನರ್ಸ್‌ಗೆ ತಿಳಿಸಿ. ಬಾಯಿ ಓರೆಯಾದರೆ, ಒಂದು ಕಡೆಯ ಕೈಕಾಲು ಎತ್ತಲಾಗದಿದ್ದರೆ ಮಾತ್ರ ಆ ಕ್ಷಣವೇ ಕೂಗಿ ಹೇಳಬೇಕು, ಅದು ಪಾರ್ಶ್ವವಾಯು ಇರಬಹುದು. ನೀವು ಒಳಗೆ ಹೋಗುವಾಗ ಅವರ ಕನ್ನಡಕ, ಕಿವಿಯ ಯಂತ್ರ ಇದ್ದರೆ ತೆಗೆದುಕೊಂಡು ಹೋಗಿ. ಇವತ್ತು ಯಾವ ವಾರ, ಎಲ್ಲಿದ್ದಾರೆ ಅಂತ ಮೆಲ್ಲಗೆ ಹೇಳಿ. "ನೀನು ಯಾರು?" ಅಂದರೆ ಅಳಬೇಡಿ, ನಿಮ್ಮ ಹೆಸರು ಹೇಳಿ. ಮತ್ತೆ ಕೇಳಿದರೆ ಮತ್ತೆ ಹೇಳಿ.