ಹಸೀನಾಳಿಗೆ ಬಂದ ‘ಕುಟುಂಬ ಕಲ್ಯಾಣ’ ಪ್ರಶಸ್ತಿ

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರು ಸಿಂಧನೂರಿನಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ವಿಚಾರ ಮಾಡಲು ಕೂಡಿದ ಸಭೆಯಲ್ಲಿ ಈಕೆ ಸಿನಿಮಾ ಪ್ರಶಸ್ತಿಯ ಸುದ್ದಿ ಯಾಕೆ ಎತ್ತಿದಳು ಎಂದು ನಿಮಗೆ ಅನ್ನಿಸಬಹುದು. ನನ್ನನ್ನು ಕರೆದ ನಿಮ್ಮ ಸಂಘದವರೇ ಹೇಳಿದರು: “ಮೇಡಂ, ಬರೇ ಕಾನೂನು ಹೇಳಬ್ಯಾಡ್ರಿ. ಮುಂಜಾನಿಂದ ಹೊಲದಾಗ ದುಡಿದು ಬಂದಿರ್ತಾರ, ನಿದ್ದಿ ಮಾಡ್ತಾರ.” ಅದಕ್ಕೆ ಇವತ್ತು ಒಂದು ವರ್ಷದ ಪ್ರಶಸ್ತಿ ಪಟ್ಟಿಯನ್ನು ಹಿಡಿದುಕೊಂಡು ಬಂದಿದ್ದೇನೆ. ಅದರೊಳಗಿಂದಲೇ ನಮ್ಮ ಮನೆಯ ಮಾತಿಗೆ ಬರುತ್ತೇನೆ.

ಅದು 2004ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ. ಸಾಲಿನಲ್ಲಿ 52ನೆಯದು. ಪ್ರಕಟವಾದದ್ದು 2005ರಲ್ಲಿ. ಟಿ.ವಿ.ಯಲ್ಲಿ ನೀವು ನೋಡುವ ಕೆಲವು ಸಮಾರಂಭಗಳಲ್ಲಿ ಮೊದಲು ನಾಲ್ಕೈದು ಹೆಸರು ಓದಿ, ಆಮೇಲೆ ಲಕೋಟೆ ಒಡೆದು ಗೆದ್ದವರ ಹೆಸರು ಹೇಳುತ್ತಾರೆ. ರಾಷ್ಟ್ರ ಪ್ರಶಸ್ತಿಯ ಪದ್ಧತಿ ಹಾಗಲ್ಲ. ಆ ವರ್ಷ ಸೆನ್ಸಾರ್ ಪ್ರಮಾಣಪತ್ರ ಸಿಕ್ಕ ಚಿತ್ರಗಳನ್ನು ನಿರ್ಮಾಪಕರು ಕಳಿಸುತ್ತಾರೆ, ತೀರ್ಪುಗಾರರು ನೋಡುತ್ತಾರೆ, ಗೆದ್ದವರ ಹೆಸರು ಮಾತ್ರ ಹೊರಗೆ ಬರುತ್ತದೆ. ದೊಡ್ಡ ಪ್ರಶಸ್ತಿಗೆ ಸ್ವರ್ಣ ಕಮಲ ಎಂದೂ ಉಳಿದವಕ್ಕೆ ರಜತ ಕಮಲ ಎಂದೂ ಹೆಸರು. ಲಿಂಗಸುಗೂರು ತಾಲೂಕಿನವರಿಗೆ ಬಂಗಾರದ ಮಾತು ಹೊಸದಲ್ಲ, ಹಟ್ಟಿಯ ಗಣಿ ನಿಮ್ಮಲ್ಲೇ ಇದೆ. ಬಂಗಾರ ನೆಲದಿಂದ ಮೇಲೆ ಬರುವ ತಾಲೂಕಿನಲ್ಲೂ ಹೆಣ್ಣು ಹೆತ್ತವರು ತೊಲೆ ಲೆಕ್ಕದಲ್ಲಿ ಸಾಲ ಮಾಡುವುದು ತಪ್ಪಿಲ್ಲ ಎಂಬುದನ್ನೂ ನೀವು ಬಲ್ಲಿರಿ.

ಆ ಸಾಲಿನ ಸ್ವರ್ಣ ಕಮಲ ‘ಪೇಜ್ 3’ ಎಂಬ ಹಿಂದಿ ಚಿತ್ರಕ್ಕೆ ಬಂತು. ಮುಂಬಯಿಯ ಶ್ರೀಮಂತರ ಪಾರ್ಟಿಗಳ ಸುದ್ದಿ ಬರೆಯುವ ಪತ್ರಕರ್ತೆಯ ಕತೆ ಅದು. ಅತ್ಯುತ್ತಮ ನಿರ್ದೇಶಕ ಬುದ್ಧದೇವ ದಾಸಗುಪ್ತ, ‘ಸ್ವಪ್ನೇರ್ ದಿನ್’ ಎಂಬ ಬಂಗಾಳಿ ಚಿತ್ರಕ್ಕೆ. ಅತ್ಯುತ್ತಮ ನಟ ಸೈಫ್ ಅಲಿ ಖಾನ್, ‘ಹಮ್ ತುಮ್’ ಚಿತ್ರಕ್ಕೆ. ಅತ್ಯುತ್ತಮ ಗಾಯಕಿ ನಮಗೆಲ್ಲ ಪರಿಚಯದ ಚಿತ್ರಾ, ‘ಆಟೋಗ್ರಾಫ್’ ಎಂಬ ತಮಿಳು ಚಿತ್ರದ ಹಾಡಿಗೆ. ಕನ್ನಡದ ಅತ್ಯುತ್ತಮ ಚಿತ್ರ ಪಿ. ಶೇಷಾದ್ರಿಯವರ ‘ಬೇರು’. ಅತ್ಯುತ್ತಮ ನಟಿ ನಮ್ಮ ತಾರಾ. ಚಿತ್ರ ‘ಹಸೀನಾ’, ನಿರ್ದೇಶಕರು ಗಿರೀಶ ಕಾಸರವಳ್ಳಿ. ಇದೇ ಚಿತ್ರಕ್ಕೆ ವಸ್ತ್ರವಿನ್ಯಾಸದ ಪ್ರಶಸ್ತಿಯೂ ಬಂತು. ಮೂರನೆಯದಾಗಿ ಇನ್ನೊಂದು ಪ್ರಶಸ್ತಿ ಬಂತು. ನಾನು ಇವತ್ತು ಮಾತಾಡಬೇಕೆಂದಿರುವುದು ಆ ಮೂರನೆಯದರ ಬಗ್ಗೆ. ಅದರ ಹೆಸರು ‘ಕುಟುಂಬ ಕಲ್ಯಾಣ ಕುರಿತ ಅತ್ಯುತ್ತಮ ಚಿತ್ರ’.

ಚಿತ್ರದ ಕತೆ ಕೇಳಿರಿ. ಹಸೀನಾ ಬಡ ಮನೆಯ ಹೆಣ್ಣು. ಗಂಡ ಯಾಕೂಬ್ ಆಟೋ ಓಡಿಸುತ್ತಾನೆ. ಮೂರು ಹೆಣ್ಣುಮಕ್ಕಳು. ಮತ್ತೆ ಬಸುರಿ. ಸ್ಕ್ಯಾನಿಂಗ್ ಮಾಡಿಸಿದಾಗ ಅದೂ ಹೆಣ್ಣೆಂದು ಗೊತ್ತಾಗುತ್ತದೆ. ಗಂಡ ಹೊಡೆಯುತ್ತಾನೆ, ಬಿಟ್ಟು ಹೋಗುತ್ತಾನೆ. ಕಂಡವರ ಮನೆಯ ಕಸ ಮುಸುರೆ ಮಾಡಿ ಆಕೆ ಮಕ್ಕಳನ್ನು ಸಾಕುತ್ತಾಳೆ. ಕೊನೆಗೆ ತನಗೂ ಮಕ್ಕಳಿಗೂ ನ್ಯಾಯ ಕೊಡಿಸಿ ಎಂದು ಮಸೀದಿಯ ಮುಖ್ಯಸ್ಥ ಮುತವಲ್ಲಿಯನ್ನು ಕೇಳುತ್ತಾಳೆ. ಅವನು ಇವತ್ತು ನಾಳೆ ಎಂದು ಸತಾಯಿಸಿದಾಗ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ಕೂಡುತ್ತಾಳೆ.

ಈ ಚಿತ್ರಕ್ಕೆ ಆಧಾರ ಹಾಸನದ ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಎಂಬ ಕತೆ. ಬಾನು ಮುಷ್ತಾಕ್ ವಕೀಲರು, ಬಂಡಾಯ ಚಳವಳಿಯಿಂದ ಬಂದ ಲೇಖಕಿ. ಅವರ 12 ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ ‘ಹಾರ್ಟ್ ಲ್ಯಾಂಪ್’ ಎಂಬ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದದ್ದನ್ನು ನೀವು ಕೇಳಿರಬಹುದು. ಅಲ್ಲಿ ಮೊದಲು 13 ಪುಸ್ತಕಗಳ ಪಟ್ಟಿ, ಆಮೇಲೆ 6ರ ಪಟ್ಟಿ, ಕೊನೆಗೆ ಒಂದಕ್ಕೆ ಪ್ರಶಸ್ತಿ. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ‘ಕರಿನಾಗರಗಳು’ ಆ 12ರಲ್ಲಿ ಒಂದು. ಗಂಡ ಬಿಟ್ಟ ಒಬ್ಬ ಬಡ ಹೆಣ್ಣಿನ ಅಳಲು ಸಿನಿಮಾ ಆಗಿ ದೆಹಲಿಗೆ, ಪುಸ್ತಕವಾಗಿ ಲಂಡನ್ನಿಗೆ ಹೋಯಿತು. ನಮ್ಮೂರಿನ ಕಟ್ಟೆಯ ಮೇಲೆ ಕೂತವರ ಕಿವಿಗೆ ಮುಟ್ಟಿದೆಯೇ?

ಈಗ ಪ್ರಶಸ್ತಿಯ ಹೆಸರಿಗೆ ಬರೋಣ. ಕುಟುಂಬ ಕಲ್ಯಾಣ ಅಂದಕೂಡಲೇ ನಮ್ಮ ಕಡೆಯ ಹೆಂಗಸರಿಗೆ ನೆನಪಾಗುವುದು ಆಪರೇಷನ್. ಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದು, ಅಪ್ಪ ಅವ್ವ ಎರಡು ಮಕ್ಕಳು ನಗುವ ಚಿತ್ರ ಹಾಕಿರುತ್ತಿದ್ದರು. ಆ ಚಿತ್ರದಲ್ಲಿ ಯಾರೂ ಅಳುತ್ತಿರಲಿಲ್ಲ. ಆದರೆ ‘ಹಸೀನಾ’ದಲ್ಲಿ ಇರುವುದು ಒಡೆದ ಮನೆ. ಹೊಡೆತ ಇದೆ, ಹಸಿವು ಇದೆ, ಕೊನೆಗೆ ಹೆಂಡತಿಯೊಬ್ಬಳು ಮನೆಯ ಮಾತನ್ನು ಬೀದಿಗೆ ತರುವುದಿದೆ. “ಮನೀ ಮಾತು ಬೀದಿಗೆ ತಂದಳು” ಎಂಬುದು ನಮ್ಮಲ್ಲಿ ಹೆಣ್ಣಿಗೆ ಹೊರಿಸುವ ದೊಡ್ಡ ಅಪವಾದ. ಹಾಗೆ ತಂದವಳ ಕತೆಯನ್ನೇ ಆ ತೀರ್ಪುಗಾರರು ಕುಟುಂಬದ ಕಲ್ಯಾಣ ಎಂದು ಕರೆದರು. ಅವರು ಸರಿಯಾಗಿಯೇ ಕರೆದರು ಎಂಬುದು ನನ್ನ ವಾದ.

ಯಾಕೆಂದರೆ, ಕುಟುಂಬ ಅಂದರೆ ಯಾರು ಎಂದು ನಾವು ಮೊದಲು ಕೇಳಬೇಕು. ಗಂಡ ಹೋದ ಮೇಲೆ ಆ ಮಕ್ಕಳಿಗೆ ಗಂಜಿ ಕಾಯಿಸಿದವಳು ಯಾರೋ ಅವಳೇ ಕುಟುಂಬ. ಅವಳು ಸುಮ್ಮನಿದ್ದರೆ ಮನೆ ಉಳಿಯುತ್ತದೆ ಅನ್ನುತ್ತಾರೆ. ಹಸೀನಾ ಸುಮ್ಮನಿದ್ದಷ್ಟು ದಿನ ಉಳಿದದ್ದು ಗಂಡನ ಮಾನ ಮಾತ್ರ. ಬಾಯಿ ಬಿಟ್ಟ ಮೇಲೆಯೇ ಮಕ್ಕಳ ಹೊಟ್ಟೆಯ ಮಾತು ಲೆಕ್ಕಕ್ಕೆ ಬಂತು.

ಅದೇ ಪಟ್ಟಿಯಲ್ಲಿ ‘ಪೆರುಮಳಕ್ಕಾಲಂ’ ಎಂಬ ಮಲಯಾಳಂ ಚಿತ್ರಕ್ಕೂ ಸಾಮಾಜಿಕ ವಿಷಯದ ಪ್ರಶಸ್ತಿ ಇದೆ. ಅರಬ್ ದೇಶಕ್ಕೆ ದುಡಿಯಲು ಹೋದ ಒಬ್ಬನ ಕೈಯಿಂದ ಇನ್ನೊಬ್ಬ ಸತ್ತಿರುತ್ತಾನೆ. ಅವನ ಜೀವ ಉಳಿಯಬೇಕಾದರೆ ಸತ್ತವನ ಹೆಂಡತಿ ಕ್ಷಮೆ ಬರೆದುಕೊಡಬೇಕು. ಕೊಂದವನ ಹೆಂಡತಿ ಅವಳ ಬಾಗಿಲಿಗೆ ಬರುತ್ತಾಳೆ. ಒಂದೇ ಸಾಲಿನಲ್ಲಿ ಎರಡು ಚಿತ್ರಗಳು: ಒಂದರಲ್ಲಿ ಹೆಣ್ಣು ಕ್ಷಮೆ ಕೇಳುತ್ತಾಳೆ, ಇನ್ನೊಂದರಲ್ಲಿ ಹಕ್ಕು ಕೇಳುತ್ತಾಳೆ. ನಮ್ಮ ಸಮಾಜ ಕ್ಷಮಿಸುವ ಹೆಣ್ಣಿಗೆ ಬೇಗ ಕೈ ಮುಗಿಯುತ್ತದೆ. ಹಕ್ಕು ಕೇಳುವವಳಿಗೆ ಗಂಡುಬೀರಿ ಅನ್ನುತ್ತದೆ.

“ಇದು ಮುಸಲ್ಮಾನರ ಕತೆ, ನಮಗೇನು” ಎಂದು ಯಾರಾದರೂ ಅಂದುಕೊಂಡರೆ ಒಂದು ಮಾತು. ನನ್ನ ತರಗತಿಯಲ್ಲಿ ಕೂತು ಹಳಗನ್ನಡ ಓದಿದ ಒಬ್ಬ ಹುಡುಗಿ, ಹಿಂದೂ ಮನೆತನದವಳು, ಎರಡು ಹೆಣ್ಣು ಹಡೆದ ಮೇಲೆ ತವರಿಗೆ ಬಂದಳು. ಗುಳೆ ಹೋದ ಗಂಡ ಮರಳಿ ಕರೆಯಲು ಬರಲಿಲ್ಲ. ದೈವದ ಹಿರಿಯರು ಸೇರಿದರು. ಅವಳ ಅಪ್ಪನನ್ನು ಕೇಳಿದರು, ಅಣ್ಣನನ್ನು ಕೇಳಿದರು, ಗಂಡನ ಕಾಕನನ್ನು ಕೇಳಿದರು. ಮೂರು ತಾಸಿನ ಪಂಚಾಯ್ತಿಯಲ್ಲಿ ಬಾಗಿಲ ಹಿಂದೆ ನಿಂತ ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹೊರಬಿದ್ದ ತೀರ್ಪು ಇಷ್ಟು: “ಇನ್ನೊಂದು ಹಡೀಲಿ. ಗಂಡಾದ್ರ ಎಲ್ಲಾ ಸರಿ ಹೋಗ್ತದ.” ಮುತವಲ್ಲಿ ಟೋಪಿ ಹಾಕಿರುತ್ತಾನೆ, ನಮ್ಮ ಹಿರಿಯರು ರುಮಾಲು ಸುತ್ತಿರುತ್ತಾರೆ. ಮಾತು ಒಂದೇ.

ಮುಸ್ಲಿಂ ಮದುವೆಯಲ್ಲಿ ಮೆಹರ್ ಎಂಬುದುಂಟು. ಗಂಡು ಹೆಣ್ಣಿಗೆ ಕೊಡಲು ಒಪ್ಪಿಕೊಳ್ಳುವ ಹಣ ಅಥವಾ ಆಸ್ತಿ ಅದು, ಅವಳ ಸ್ವಂತದ ಹಕ್ಕು. ಈಗ ಆ ಮನೆಗಳಲ್ಲೂ ವರದಕ್ಷಿಣೆಯ ರೋಗ ಸೇರಿಕೊಂಡಿದೆ. ಕೊಡಬೇಕಾದ ಮೆಹರ್ ಕಾಗದದಲ್ಲಿ ಉಳಿಯುತ್ತದೆ, ತೆಗೆದುಕೊಳ್ಳಬಾರದ ವರದಕ್ಷಿಣೆ ಕೈಗೆ ಬರುತ್ತದೆ. ಧರ್ಮದ ಹೆಸರು ಹೇಳುವವರು ತಮಗೆ ಅನುಕೂಲವಾದ ಪುಟವನ್ನು ಮಾತ್ರ ತೆರೆಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇನ್ನು ಹೆಣ್ಣು ಹಡೆದ ‘ತಪ್ಪಿನ’ ವಿಷಯ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜದಿಂದ ನಿರ್ಧಾರವಾಗುತ್ತದೆ. ತಾಯಿಯಿಂದ ಬರುವುದು ಯಾವಾಗಲೂ ಎಕ್ಸ್ ವರ್ಣತಂತು. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಬಿತ್ತಿದವನು ಜೋಳ ಬಿತ್ತಿ, ಸಜ್ಜೆ ಬೆಳೆಯಲಿಲ್ಲ ಎಂದು ಹೊಲಕ್ಕೆ ಬಡಿದರೆ ಊರವರು ನಗುತ್ತಾರೆ. ಹೆಂಡತಿಗೆ ಬಡಿದರೆ ಯಾರೂ ನಗುವುದಿಲ್ಲ. ಇನ್ನು ಯಾಕೂಬ್‌ಗೆ ಸ್ಕ್ಯಾನಿಂಗಿನಲ್ಲಿ ಹೆಣ್ಣೆಂದು ಗೊತ್ತಾದದ್ದೇ ಅಪರಾಧ. ಭ್ರೂಣದ ಲಿಂಗ ಪತ್ತೆ ಮಾಡುವುದನ್ನು, ಹೇಳುವುದನ್ನು ನಿಷೇಧಿಸುವ ಕಾನೂನು 1994ರಲ್ಲಿ ಆಯಿತು, 1996ರಿಂದ ಜಾರಿಯಲ್ಲಿದೆ.

ಈ ಪ್ರಶಸ್ತಿ ಪ್ರಕಟವಾದ 2005ರಲ್ಲಿಯೇ ಇನ್ನೊಂದು ಕೆಲಸ ಆಯಿತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆಯನ್ನು ಸಂಸತ್ತು ಒಪ್ಪಿತು. 26 ಅಕ್ಟೋಬರ್ 2006ರಿಂದ ಜಾರಿಗೆ ಬಂತು. ಹೊಡೆತ ಮಾತ್ರವಲ್ಲ, ಬೈಗುಳ, ಲೈಂಗಿಕ ಹಿಂಸೆ, ಮನೆಖರ್ಚಿಗೆ ಕೊಡದಿರುವುದು, ಮನೆಯಿಂದ ಹೊರಗೆ ಹಾಕುವುದು ಇವೆಲ್ಲ ಅದರಲ್ಲಿ ದೌರ್ಜನ್ಯವೇ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕನ್ನು ಆ ಕಾನೂನು ಹೆಂಡತಿಗೆ ಕೊಡುತ್ತದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಅದರಲ್ಲಿಲ್ಲ. ಇನ್ನು ಒಂದೇ ಉಸಿರಿಗೆ ಮೂರು ಸಲ ತಲಾಖ್ ಹೇಳುವುದು ನಡೆಯುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಆ ದಾರಿಯಲ್ಲಿ ಹೋದವರು ನ್ಯಾಯಾಲಯದ ಬಾಗಿಲು ಬಡಿದ ಮುಸ್ಲಿಂ ಹೆಣ್ಣುಮಕ್ಕಳೇ.

ಇನ್ನೊಂದು ವಿಚಾರವನ್ನು ನೀವು ಗಮನಿಸಬೇಕು. ಕನ್ನಡ ಚಿತ್ರದ ಅಭಿನಯಕ್ಕೆ ಅತ್ಯುತ್ತಮ ನಟಿ ಎಂಬ ರಾಷ್ಟ್ರ ಪ್ರಶಸ್ತಿ ಬಂದಿರುವುದು ಮೂವರಿಗೆ. 1973ನೇ ಸಾಲಿನಲ್ಲಿ ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 2004ರಲ್ಲಿ ‘ಹಸೀನಾ’ಕ್ಕೆ ತಾರಾ, 2007ರಲ್ಲಿ ‘ಗುಲಾಬಿ ಟಾಕೀಸ್’ಗೆ ಉಮಾಶ್ರೀ. ‘ಕಾಡು’ ಚಿತ್ರದ ಕಮಲಿಯ ಗಂಡ ಪಕ್ಕದೂರಿನ ಇನ್ನೊಬ್ಬಳ ಕಡೆ ಹೋಗುತ್ತಾನೆ. ಹಸೀನಾಳ ಗಂಡ ಬಿಟ್ಟು ಹೋಗುತ್ತಾನೆ. ಸೂಲಗಿತ್ತಿ ಗುಲಾಬಿಯ ಗಂಡ ಇನ್ನೊಂದು ಮದುವೆಯಾಗಿದ್ದಾನೆ. ಮೂರಕ್ಕೆ ಮೂರೂ ಗಂಡ ಕೈಬಿಟ್ಟ ಹೆಣ್ಣಿನ ಪಾತ್ರಗಳು! ಇವರ ಕಣ್ಣೀರಿಗೆ ಪ್ರಶಸ್ತಿ ಬಂದಿದೆ, ಒಳ್ಳೆಯದು. ಆದರೆ ಮೂವರಲ್ಲಿ ಹಸೀನಾಳ ರೀತಿಯೇ ಬೇರೆ. ಕಮಲಿ ಗಂಡ ಮರಳಿ ಬರಲೆಂದು ಮಾಟ ಮಂತ್ರದ ಮೊರೆ ಹೋಗುತ್ತಾಳೆ. ಹಸೀನಾ ನ್ಯಾಯ ಹೇಳಬೇಕಾದವನ ಬಾಗಿಲಿಗೆ ಹೋಗುತ್ತಾಳೆ. 1973ರಿಂದ 2004ರವರೆಗೆ ನಾವು ನಡೆದ ದಾರಿಯೂ ಅಷ್ಟೇ ದೂರದ್ದು.

ಹಾಗಾದರೆ ಸಂಘಗಳು ಮಾಡಬೇಕಾದದ್ದೇನು? ಒಂದು, ತಿಂಗಳ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಸಲ ಈ ಚಿತ್ರವನ್ನು ಎಲ್ಲರೂ ಕೂಡಿ ನೋಡಿರಿ. ಓದು ಬಲ್ಲವರು ಬಾರದವರಿಗೆ ‘ಕರಿನಾಗರಗಳು’ ಕತೆಯನ್ನು ಓದಿ ಹೇಳಿರಿ. ಮುಗಿದ ಮೇಲೆ ಸುಮ್ಮನೆ ಎದ್ದು ಹೋಗಬೇಡಿರಿ. ನಮ್ಮ ಓಣಿಯಲ್ಲಿ ಹಸೀನಾ ಯಾರ ಮನೆಯಲ್ಲಿದ್ದಾಳೆ ಎಂದು ಕೇಳಿಕೊಳ್ಳಿರಿ.

ಎರಡು, ಬರೆದಿಡಿರಿ. ಮಸ್ಕಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮೂರ ಬಂಡೆಯ ಮೇಲೆ 1915ರಲ್ಲಿ ಅಶೋಕನ ಹೆಸರು ಸಿಕ್ಕ ಮೇಲೆಯೇ ‘ದೇವಾನಾಂಪ್ರಿಯ’ ಎಂದರೆ ಯಾರು ಎಂಬುದು ಖಚಿತವಾಯಿತು. ಹೆಸರು ಬರೆದಿದ್ದರೆ ಉಳಿಯುತ್ತದೆ. ಹೊಡೆದವನು ಯಾರು, ಯಾವ ತಾರೀಖು, ಯಾರು ನೋಡಿದರು, ದವಾಖಾನೆಯ ಚೀಟಿ ಎಲ್ಲಿದೆ, ಮದುವೆಯಲ್ಲಿ ಕೊಟ್ಟ ಬಂಗಾರ ಎಷ್ಟು, ಇವನ್ನು ಸಂಘದ ವಹಿಯ ಜೊತೆಗೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಜೋಪಾನ ಮಾಡಿರಿ.

ಮೂರು, ಹಿರಿಯರು ಬರೆಸಿದ ಸೋಡಚೀಟಿಗೆ ಹೆಬ್ಬೆಟ್ಟು ಒತ್ತುವ ಮೊದಲು ವಕೀಲರಿಗೆ ತೋರಿಸಿರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಸಮಿತಿಯಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಕೌಟುಂಬಿಕ ದೌರ್ಜನ್ಯದ ದೂರಿಗೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ಮೇಲಿನ ಸಿ.ಡಿ.ಪಿ.ಓ. ಎಂದರೆ ನಿಮಗೆ ಗೊತ್ತು. ತುರ್ತಿದ್ದರೆ 181, ಇಲ್ಲವೆ 112.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ಊರಲ್ಲಿ ಪಂಚಾಯ್ತಿ ಕೂಡಿದಾಗ ನೊಂದವಳನ್ನು ಬಾಗಿಲ ಹಿಂದೆ ಒಬ್ಬಳನ್ನೇ ನಿಲ್ಲಿಸಬೇಡಿರಿ. ಸಂಘದ ಹತ್ತು ಜನ ಹೋಗಿ ಅವಳ ಪಕ್ಕದಲ್ಲಿ ಕೂಡಿರಿ. ನೀವು ಏನೂ ಮಾತಾಡದಿದ್ದರೂ ನಡೆಯುತ್ತದೆ. “ಮೊದಲು ಆಕೀನ ಕೇಳ್ರಿ” ಎಂಬ ಒಂದು ಮಾತು ಸಾಕು. ಬ್ಯಾಂಕಿನ ಮ್ಯಾನೇಜರನ ಎದುರು ಕೂತು ಲಕ್ಷ ರೂಪಾಯಿ ಸಾಲ ಕೇಳಿ ಪಡೆದವರು ನೀವು. ಕಟ್ಟೆಯ ಮೇಲಿನವರ ಎದುರು ಕೂಡಲು ಅಷ್ಟೇ ಧೈರ್ಯ ಸಾಕು.

ಆ ‘ಕುಟುಂಬ ಕಲ್ಯಾಣ’ ಎಂಬ ವಿಭಾಗ ಈಗಿನ ರಾಷ್ಟ್ರ ಪ್ರಶಸ್ತಿಗಳ ಪಟ್ಟಿಯಲ್ಲಿ ಇಲ್ಲ. ದೆಹಲಿಯಲ್ಲಿ ಇಲ್ಲದಿದ್ದರೆ ಹೋಗಲಿ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಹೆಣ್ಣು ಹೊಡೆತ ತಿನ್ನದೆ ಉಣ್ಣುತ್ತಾಳೋ, ಹೆಣ್ಣು ಹುಟ್ಟಿದರೆ ಯಾವ ಮನೆಯಲ್ಲಿ ಮುಖ ಸಪ್ಪಗಾಗುವುದಿಲ್ಲವೋ ಅದೇ ಕಲ್ಯಾಣದ ಕುಟುಂಬ. ಅದನ್ನು ತೀರ್ಮಾನಿಸುವ ತೀರ್ಪುಗಾರರು ಇನ್ನು ಮುಂದೆ ನೀವೇ ಆಗಬೇಕು.