ಓಡುವ ಎದೆಬಡಿತಕ್ಕೆ ತಂತಿಯ ಚಿಕಿತ್ಸೆ



“ಇದ್ದಕ್ಕಿದ್ದಂಗೆ ಎದೆ ಡವಡವ ಹೊಡ್ಕೊಳ್ಳುತ್ತೆ, ಜೀವ ಹೋದಂಗಾಗುತ್ತೆ, ಆಮೇಲೆ ತಾನಾಗೇ ನಿಂತುಹೋಗುತ್ತೆ.” ಹೊಸದುರ್ಗ ತಾಲ್ಲೂಕಿನ ಬಾಗೂರಿನಂಥ ಊರುಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಂದ, ಇಂಥ ಮಾತು ಕೇಳಿಬರುತ್ತದೆ. ಮನೆಯವರು ಗ್ಯಾಸ್ ಅನ್ನುತ್ತಾರೆ, ಗಾಬರಿ ಅನ್ನುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಡಿತ ಸರಿಹೋಗಿರುತ್ತದೆ. ಇಸಿಜಿಯಲ್ಲಿ ಏನೂ ಕಾಣುವುದಿಲ್ಲ. ಹೀಗೆ ವರ್ಷಗಟ್ಟಲೆ ಹೆದರಿ ಬದುಕುವುದು ಬಹಳ ಸಂಕಟದ ಸಂಗತಿ. ಏಕೆಂದರೆ ಇವರಲ್ಲಿ ಅನೇಕರ ಕಾಯಿಲೆ ಪೂರ್ತಿ ವಾಸಿಯಾಗುವಂಥದ್ದು.

ಹೃದಯ ನಡೆಯುವುದು ತನ್ನದೇ ವಿದ್ಯುತ್ತಿನಿಂದ. ಬಲ ಮೇಲ್ಕೋಣೆಯಲ್ಲಿರುವ ಪುಟ್ಟ ಅಂಗಾಂಶವೊಂದು ನಿಮಿಷಕ್ಕೆ 60ರಿಂದ 100 ಸಲ ಮಿಡಿತ ಹೊರಡಿಸುತ್ತದೆ. ಕೀತ್ ಮತ್ತು ಫ್ಲ್ಯಾಕ್ ಎಂಬ ವಿಜ್ಞಾನಿಗಳು ಅದನ್ನು ಗುರುತಿಸಿದ್ದು 1907ರಲ್ಲಿ. ಈ ಮಿಡಿತ ಕೆಳಕೋಣೆಗಳಿಗೆ ಇಳಿಯಲು ನಡುವೆ ಇರಬೇಕಾದದ್ದು ಒಂದೇ ದಾರಿ, ಒಂದೇ ಬಾಗಿಲು. ಕೆಲವರಿಗೆ ಹುಟ್ಟಿನಿಂದಲೇ ಇನ್ನೊಂದು ಕಳ್ಳದಾರಿ ಇರುತ್ತದೆ. ತೆಂಗಿನ ತೋಟದ ಕಾಲುವೆ ಏರಿಯಲ್ಲಿ ಏಡಿ ಬಿಲ ತೋಡಿದರೆ ನೀರು ಹರಿಯಬಾರದ ಕಡೆ ಹರಿಯುತ್ತದಲ್ಲ, ಹಾಗೆ. ಮಿಡಿತ ಒಂದು ದಾರಿಯಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಸುತ್ತತೊಡಗಿದರೆ ನಾಡಿ 150, 200 ದಾಟುತ್ತದೆ. ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಈ ಎರಡು ದಾರಿಗಳೂ ನಡುವಿನ ಆ ಬಾಗಿಲಿನ ಬಳಿಯೇ ಇರುತ್ತವೆ.

1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೀನುಗಾರನೊಬ್ಬನ ಕಳ್ಳದಾರಿಯನ್ನು ಕತ್ತರಿಸಲು ಎದೆಯನ್ನೇ ತೆರೆಯಬೇಕಾಯಿತು. ಇಂದು ತೊಡೆಸಂದಿನ ರಕ್ತನಾಳ ಸಾಕು. ಅಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕ್ಯಾತಿಟರ್ ಎಂಬ ಬಳುಕುವ ತಂತಿಗಳನ್ನು ಹೃದಯದವರೆಗೆ ತೂರಿಸುತ್ತಾರೆ. ವೈದ್ಯರು ಮೊದಲು ಬೇಕೆಂದೇ ಆ ಡವಡವವನ್ನು ಎಬ್ಬಿಸುತ್ತಾರೆ. ರೋಗಿಗೆ ಆಗ ಭಯವಾಗುವುದು ಸಹಜ, ಆದರೆ ಕಳ್ಳದಾರಿ ಎಲ್ಲಿದೆ ಎಂದು ತಿಳಿಯುವುದೇ ಹಾಗೆ. ಜಾಗ ಸಿಕ್ಕ ಮೇಲೆ ರೇಡಿಯೋ ತರಂಗದ ಶಕ್ತಿಯಿಂದ ತಂತಿಯ ತುದಿಯನ್ನು ಬಿಸಿಮಾಡಿ ಕೆಲವೇ ಮಿಲಿಮೀಟರ್ ಅಂಗಾಂಶವನ್ನು ಸುಡುತ್ತಾರೆ. ಇದಕ್ಕೆ ಅಬ್ಲೇಷನ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಮರಳಬಹುದು.

ಈ ಬಗೆಯ ಬಡಿತದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ. ಅಪಾಯ ಇಲ್ಲವೇ ಇಲ್ಲ ಎನ್ನಲಾರೆ. ತೊಡೆಯಲ್ಲಿ ರಕ್ತ ಹೆಪ್ಪುಗಟ್ಟಿ ಕಂದಬಹುದು. ಅಪರೂಪಕ್ಕೆ ಸಹಜ ದಾರಿಗೇ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗಬಹುದು. ಇದನ್ನೆಲ್ಲ ವೈದ್ಯರಿಂದ ಮುಂಚೆಯೇ ಕೇಳಿ ತಿಳಿಯಿರಿ. ವಯಸ್ಸಾದವರಲ್ಲಿ ಕಾಣುವ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ತಾಳವೇ ಇಲ್ಲದ ಬಡಿತ, ಬೇರೆ ಕಾಯಿಲೆ. ಅದರಲ್ಲಿ ಪಾರ್ಶ್ವವಾಯುವಿನ ಭಯವಿದೆ. ಅಬ್ಲೇಷನ್ ಆದಮೇಲೂ ಅದು ಮರುಕಳಿಸಬಹುದು. ಅದಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ.

ಅಬ್ಲೇಷನ್ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮಗೆ ಎಷ್ಟು ನೆರವು ಸಿಗುತ್ತದೆಂದು ಮೊದಲೇ ವಿಚಾರಿಸಿ. ಬಿಪಿಎಲ್ ಚೀಟಿ ಇದ್ದರೆ ಜೊತೆಗೆ ಒಯ್ಯಿರಿ.

ಆದರೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಪುರಾವೆ. ಬಡಿತ ಓಡುತ್ತಿರುವಾಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಎದೆನೋವು ಬಂದರೆ, ಕಣ್ಣು ಕತ್ತಲೆಗಟ್ಟಿದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆಮಾಡಿ, ಬಸ್ಸಿಗೆ ಕಾಯಬೇಡಿ. ಆ ಇಸಿಜಿ ಕಾಗದವನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರಬೇಡಿ. ಕೇಳಿ ಪಡೆದು, ಒಂದು ಫೋಟೋ ತೆಗೆದಿಟ್ಟುಕೊಂಡು, ಹೃದ್ರೋಗ ತಜ್ಞರಿಗೆ ತೋರಿಸಿ.